ಅತ್ತೆಯವರ ಟ್ರಂಕಿನಲ್ಲಿದ್ದ ವಾಟ್ನಿ ಪತ್ರ

ಮೂರು ವರ್ಷದ ಎಲ್‌ಎಲ್‌ಬಿಗೆ ನಾನು ಸೇರಿದ್ದು 2018ರಲ್ಲಿ. ಆಗ ನನಗೆ ಮೂವತ್ತೊಂಬತ್ತು ವರ್ಷ. ಮಗಳು ಒಂಬತ್ತನೆಯ ತರಗತಿಯಲ್ಲಿದ್ದಳು, ಮಗ ಮೂರನೆಯದರಲ್ಲಿ. ಬಿ.ಕಾಂ. ಮುಗಿದ ಕೂಡಲೇ ಮದುವೆಯಾಗಿ ಧಾರವಾಡಕ್ಕೆ ಬಂದವಳು ಅಲ್ಲಿಯವರೆಗೂ ಹೈಸ್ಕೂಲು ಮಕ್ಕಳಿಗೆ ಮನೆಯಲ್ಲೇ ಲೆಕ್ಕದ ಪಾಠ ಹೇಳಿಕೊಡುತ್ತಿದ್ದೆ. ವಕೀಲಳಾಗಬೇಕೆಂಬ ಆಸೆ ಹಳೆಯದು. ಆದರೆ ಮೂವತ್ತು ದಾಟಿದವರಿಗೆ ಈ ಕೋರ್ಸಿನಲ್ಲಿ ಪ್ರವೇಶವಿಲ್ಲ ಎಂದು 2016ರಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿದಾಗ ಆ ವಿಚಾರವನ್ನೇ ಬಿಟ್ಟಿದ್ದೆ. ಮರುವರ್ಷ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಆ ಸುದ್ದಿಯನ್ನು ಮೊದಲು ಓದಿದವರು ನಮ್ಮ ಮನೆಯವರು. ಪತ್ರಿಕೆಯ ಪುಟ ಮಡಚಿ ನನ್ನ ಮುಂದಿಟ್ಟು, "ಈಗ ಯಾವ ನೆವ ಹೇಳುತ್ತೀ?" ಎಂದರು.

ಸಂಸಾರ, ಓದು ಎರಡನ್ನೂ ಹೇಗೆ ಸರಿದೂಗಿಸಿದಿರಿ ಎಂದು ನಮ್ಮ ಕಾಲೇಜಿನ ಈ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು ಕೇಳಿದ್ದಾರೆ. ಸರಿದೂಗಿದ ದಿನಗಳು ಕಡಿಮೆ. ಒಂದು ವಾರ ಓದು ಹಿಂದೆ ಬೀಳುತ್ತಿತ್ತು, ಇನ್ನೊಂದು ವಾರ ಮನೆ. ಟ್ಯೂಷನ್ ನಿಲ್ಲಿಸಿದ್ದರಿಂದ ತಿಂಗಳ ಖರ್ಚಿಗೆ ಕೈ ಬಿಗಿಯಾಯಿತು. ಪರೀಕ್ಷೆ ಹತ್ತಿರ ಬಂದಾಗ ಭಾನುವಾರವೇ ಕಟಕ ರೊಟ್ಟಿ ಬಡಿದು ಡಬ್ಬಿ ತುಂಬಿಸುತ್ತಿದ್ದೆ. ಗುರೆಳ್ಳು ಚಟ್ನಿ, ಮೊಸರು, ಆ ರೊಟ್ಟಿ ಇದ್ದರೆ ಒಂದು ಹೊತ್ತಿನ ಅಡುಗೆಯ ಚಿಂತೆ ಇರುತ್ತಿರಲಿಲ್ಲ. ಮಗನ ಟಿಫಿನ್ ಕಟ್ಟುವುದನ್ನು ಮನೆಯವರು ಕಲಿತರು. ಬೆಳಗಿನ ಕ್ಲಾಸಿಗೆ ನಾನು ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸು ಹತ್ತುವಾಗ ಮಕ್ಕಳು ಇನ್ನೂ ಹಲ್ಲುಜ್ಜುತ್ತಿರುತ್ತಿದ್ದರು. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳು ಓಡಾಡಲು ಆರಂಭಿಸಿದ ಹೊಸತು. ನವನಗರ, ಉಣಕಲ್ಲು ದಾಟಿ ಹುಬ್ಬಳ್ಳಿ ಸೇರುವಷ್ಟರಲ್ಲಿ ಹಿಂದಿನ ದಿನದ ಪಾಠವನ್ನು ಒಮ್ಮೆ ಕಣ್ಣಾಡಿಸಿ ಮುಗಿಸುತ್ತಿದ್ದೆ. ಮನೆಯಲ್ಲಿ ಅಷ್ಟು ಹೊತ್ತು ಯಾರೂ ಕರೆಯದೆ ಕುಳಿತದ್ದು ನನಗೆ ನೆನಪಿಲ್ಲ.

ತರಗತಿಯಲ್ಲಿ ಹೆಚ್ಚಿನವರು ಇಪ್ಪತ್ತೆರಡು, ಇಪ್ಪತ್ಮೂರರವರು. ಮೊದಲ ವಾರವೇ ನಾನು ಎಲ್ಲರಿಗೂ ಅಕ್ಕ ಆದೆ. ಇಂಗ್ಲಿಷ್ ತೀರ್ಪುಗಳನ್ನು ಅವರು ನನಗಿಂತ ಬೇಗ ಓದಿ ಮುಗಿಸುತ್ತಿದ್ದರು. ಗಿರವಿ, ಜಾಮೀನು, ಪಾಲುದಾರಿಕೆ ಬಂದಾಗ ಮಾತ್ರ ನನ್ನ ಬೆಂಚಿನ ಸುತ್ತ ಸೇರುತ್ತಿದ್ದರು. ಸೊಸೈಟಿ ಸಾಲಕ್ಕೆ ಜಾಮೀನು ನಿಂತು ಕೈ ಸುಟ್ಟುಕೊಂಡವರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮಲ್ಲೂ ಇದ್ದರು. ಹಾಗಾಗಿ ಭಾರತೀಯ ಒಪ್ಪಂದ ಕಾಯ್ದೆಯ 128ನೆಯ ಸೆಕ್ಷನ್, ಅಂದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇರುತ್ತದೆ ಎಂಬುದು, ನನಗೆ ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಆದರೆ ನಾನು ಬರೆಯಬೇಕೆಂದುಕೊಂಡದ್ದು ನಮ್ಮ ಅತ್ತೆಯವರ ಬಗ್ಗೆ.

ಅವರ ತವರು ಗದಗ ಜಿಲ್ಲೆಯ ಒಂದು ಹಳ್ಳಿ. ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ನಾನು ಕಾಲೇಜಿಗೆ ಹೋಗುವುದನ್ನು ಅವರು ವಿರೋಧಿಸಲಿಲ್ಲ, ಹುರಿದುಂಬಿಸಲೂ ಇಲ್ಲ. ರಾತ್ರಿ ಊಟ ಮುಗಿದ ಮೇಲೆ ಅಡುಗೆಮನೆಯ ಕಟ್ಟೆಯ ಪಕ್ಕ ಕುಳಿತು ನಾನು ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಉತ್ತರಗಳನ್ನು ಕನ್ನಡದಲ್ಲೇ ಬರೆಯುವುದೆಂದು ನಿರ್ಧರಿಸಿದ್ದರಿಂದ ಓದಿನ ಮಾತೂ ಕನ್ನಡದ್ದೇ. ಅವರು ಅವರೆಕಾಳು ಬಿಡಿಸುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಒಂದು ರಾತ್ರಿ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ದಾನಮ್ಮ ವಿರುದ್ಧ ಅಮರ್ ಪ್ರಕರಣವನ್ನು ಓದುತ್ತಿದ್ದೆ. ತಂದೆ 2001ರಲ್ಲಿ ತೀರಿಕೊಂಡಿದ್ದರು. ಹೆಣ್ಣುಮಕ್ಕಳಿಬ್ಬರಿಗೂ ಮನೆತನದ ಆಸ್ತಿಯಲ್ಲಿ ಪಾಲಿಲ್ಲ ಎಂದು ಕೆಳಗಿನ ನ್ಯಾಯಾಲಯವೂ ಹೈಕೋರ್ಟೂ ಹೇಳಿದ್ದವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಅವರಿಗೂ ತಲಾ ಐದರಲ್ಲೊಂದು ಪಾಲು ಕೊಟ್ಟಿತು. ಅತ್ತೆಯವರ ಕೈ ನಿಂತಿತು. "ಇನ್ನೊಮ್ಮೆ ಓದು" ಎಂದರು.

ಆಗ ಅವರು ಅದಕ್ಕಿಂತ ಹೆಚ್ಚು ಏನನ್ನೂ ಕೇಳಲಿಲ್ಲ. ಎರಡನೆಯ ಮಾತು ಬಂದದ್ದು 2020ರ ಆಗಸ್ಟ್‌ನಲ್ಲಿ. ಕೋವಿಡ್‌ನ ಕಾಲ. ಕಾಲೇಜು ಮುಚ್ಚಿ ತಿಂಗಳುಗಳಾಗಿದ್ದವು. ಮಾರ್ಚ್‌ನಲ್ಲಿ ಆಗಬೇಕಿದ್ದ ಮಗಳ ಎಸ್ಎಸ್ಎಲ್‌ಸಿ ಪರೀಕ್ಷೆ ಜೂನ್ 25ಕ್ಕೆ ಆರಂಭವಾಗಿ ಮುಗಿದಿತ್ತು. ಅವಳು ಮಾಸ್ಕ್ ಹಾಕಿಕೊಂಡು ಪರೀಕ್ಷೆಗೆ ಹೋದ ಬೆಳಗುಗಳಲ್ಲಿ ನಾನು ಒಂದಕ್ಷರ ಓದಿಲ್ಲ. ಮನೆಯಲ್ಲಿದ್ದ ಒಂದೇ ಒಳ್ಳೆಯ ಮೊಬೈಲಿನಲ್ಲಿ ಬೆಳಿಗ್ಗೆ ಮಗನ ಪಾಠ, ಆಮೇಲೆ ನನ್ನ ಪಾಠ ನಡೆಯುತ್ತಿತ್ತು. ಎರಡೂ ಒಂದೇ ಹೊತ್ತಿಗೆ ಬಂದರೆ ಅವನದೇ ಮೊದಲು. ಗೆಳತಿಯರು ಆಮೇಲೆ ಟಿಪ್ಪಣಿಗಳ ಫೋಟೊ ಕಳಿಸುತ್ತಿದ್ದರು. ಅವರ ಋಣ ನನ್ನ ಮೇಲಿದೆ.

ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದ ತೀರ್ಪು ಬಂತು. 2005ರ ಸೆಪ್ಟೆಂಬರ್ 9ರಂದು, ಅಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ದಿನ, ತಂದೆ ಬದುಕಿರಲಿ ಇಲ್ಲದಿರಲಿ, ಮಗಳು ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕುದಾರಳು ಎಂಬ ತೀರ್ಪು. ಮರುದಿನದ ಪತ್ರಿಕೆಯನ್ನು ಅತ್ತೆಯವರು ಕನ್ನಡಕ ಹಾಕಿಕೊಂಡು ಓದಿದರು. ಎದ್ದುಹೋಗಿ ತಮ್ಮ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ತಂದು ನನ್ನ ಕೈಗೆ ಕೊಟ್ಟರು. ತವರಿನ ವಾಟ್ನಿ ಪತ್ರದ, ಅಂದರೆ ಆಸ್ತಿ ಪಾಲು ಮಾಡಿಕೊಂಡ ಪತ್ರದ, ನಕಲು ಅದು. 1996ರದ್ದು. ಮಡಿಕೆ ಬಿದ್ದಲ್ಲಿ ಅಕ್ಷರ ಮಾಸಿತ್ತು. ಹೊಲಗಳ ಸರ್ವೆ ನಂಬರು, ಎಕರೆ, ಗುಂಟೆ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಅಣ್ಣತಮ್ಮಂದಿರಿಗೆ ಬಂದ ಭಾಗಗಳು. ಕೊನೆಯ ಪುಟದಲ್ಲಿ, ಅರಿಶಿನ ಕುಂಕುಮಕ್ಕೆಂದು ತವರಿನವರು ಕಾಲಕಾಲಕ್ಕೆ ನಡೆಸಿಕೊಂಡು ಬಂದಿರುವುದರಿಂದ ತಮಗೆ ಯಾವ ಪಾಲೂ ಬೇಡವೆಂದು ಹೆಣ್ಣುಮಕ್ಕಳು ಸ್ವಂತ ಖುಷಿಯಿಂದ ಒಪ್ಪಿರುತ್ತಾರೆ ಎಂಬ ಸಾಲು. ಅದರ ಕೆಳಗೆ ಅತ್ತೆಯವರ ಸಹಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದದ್ದು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಡುವ ಬೆಳಿಗ್ಗೆ ಎಲ್ಲರಿಗೂ ಅಡುಗೆ ಮಾಡಿ ಇಟ್ಟು ಹೋದವರು ತಾವೇ ಎಂದು ಅತ್ತೆಯವರು ಹೇಳಿದರು. ಅಲ್ಲಿ ಯಾರೂ ಅದನ್ನು ಓದಿ ಹೇಳಿರಲಿಲ್ಲ.

"ನನಗೆ ಬರುತ್ತದೆಯೇ?" ಎಂದು ಕೇಳಿದರು.

ಬರುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗಕ್ಕೆ ಹೊಸ ಕಾನೂನು ಕೈ ಹಾಕುವುದಿಲ್ಲ. ಅದಕ್ಕೂ ಮುಂಚೆ ನಮ್ಮ ರಾಜ್ಯ ತಾನೇ ಒಂದು ತಿದ್ದುಪಡಿ ತಂದಿತ್ತು. 1994ರ ಜುಲೈ 30ರಿಂದ ಜಾರಿಯಾದ ಆ ತಿದ್ದುಪಡಿ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗೇ ಇಟ್ಟಿತ್ತು. ನಾನು ಎರಡು ರಾತ್ರಿ ಕೂತು ಕಾಯ್ದೆಯನ್ನು ಮತ್ತೆ ಮತ್ತೆ ಓದಿದೆ. ಕೌಟುಂಬಿಕ ಕಾನೂನು ಕಲಿಸುತ್ತಿದ್ದ ಮೇಡಂ ಅವರಿಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, ನಾನು ಓದಿದ್ದು ಸರಿಯೆಂದರು. ಆಮೇಲೆ, "ಅವರಿಗೆ ನೀವೇ ಹೇಳಿ, ಸಾಲು ಸಾಲಾಗಿ ಓದಿ ಹೇಳಿ" ಎಂದರು. ಹಾಗೆಯೇ ಮಾಡಿದೆ. ಅತ್ತೆಯವರು ಪೂರ್ತಿ ಕೇಳಿದರು. ಯಾವ ತಾರೀಖು ಯಾಕೆ ಎಂದು ಬಿಡಿಸಿ ಬಿಡಿಸಿ ಕೇಳಿದರು. "ಇಷ್ಟು ವರ್ಷಕ್ಕೆ ಒಬ್ಬರಾದರೂ ಓದಿ ಹೇಳಿದಿರಲ್ಲ" ಎಂದು ಕಾಗದ ಮಡಚಿಟ್ಟರು. ಅದಾದ ಮೇಲೆ ಪರೀಕ್ಷೆಯ ದಿನಗಳಲ್ಲಿ ಅವರು ನನ್ನನ್ನು ಒಲೆಯ ಹತ್ತಿರ ಬರಗೊಡಲಿಲ್ಲ.

ಸಂಸಾರವು ಓದಿಗೆ ಅಡ್ಡಿ ಎಂದು ಹೇಳುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ದಸ್ತಾವೇಜು ಓದುವುದು ಹೇಗೆಂದು ನಾನು ಕಲಿತದ್ದು ಆ ವಾಟ್ನಿ ಪತ್ರದಿಂದ, ಆಮೇಲೆ ಕರಡು ಬರೆಯುವ ಪಾಠದಿಂದ. ಇಂದು ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ವಾರಸಾ, ಪಾಲು, ಹಕ್ಕುಬಿಟ್ಟ ಪತ್ರದ ವಿಷಯಕ್ಕೇ ಬರುತ್ತಾರೆ. ಯಾವುದಕ್ಕೂ ಸಹಿ ಹಾಕಿಸುವ ಮೊದಲು ಪೂರ್ತಿ ಓದಿ ಹೇಳುತ್ತೇನೆ, ಎಷ್ಟೇ ಹೊತ್ತಾಗಲಿ.

ಕಾಲೇಜಿಗೆ ಒಂದು ಮಾತು ಹೇಳಲೇಬೇಕು. ಪ್ರತಿ ವಿಷಯಕ್ಕೂ ಶೇ 70ರಷ್ಟು ಹಾಜರಾತಿ ಬೇಕೆಂಬ ನಿಯಮ ಸರಿಯಾದದ್ದೇ. ಆದರೆ ಅಸಾಧಾರಣ ಕಾರಣವಿದ್ದಾಗ, ಒಟ್ಟು ಹಾಜರಾತಿ ಶೇ 70 ಇದ್ದರೆ, ಒಂದು ವಿಷಯದಲ್ಲಿ ಶೇ 65 ಇದ್ದವರನ್ನೂ ಪರೀಕ್ಷೆಗೆ ಕೂರಿಸುವ ಅಧಿಕಾರವನ್ನು ವಕೀಲರ ಪರಿಷತ್ತಿನ 2008ರ ನಿಯಮಗಳೇ ಪ್ರಾಂಶುಪಾಲರಿಗೆ ಕೊಟ್ಟಿವೆ. ಮಗುವಿನ ಜ್ವರ, ಹಾಸಿಗೆ ಹಿಡಿದ ಹಿರಿಯರ ಆರೈಕೆ ಇವೂ ಅಂಥ ಕಾರಣಗಳೇ ಎಂದು ಪ್ರವೇಶದ ದಿನವೇ ಬರೆದು ತಿಳಿಸಿದರೆ ಎಷ್ಟೋ ಹೆಂಗಸರು ಅರ್ಧಕ್ಕೆ ಬಿಟ್ಟುಹೋಗುವುದು ತಪ್ಪುತ್ತದೆ. ನನ್ನ ಜೊತೆ ಸೇರಿದ್ದ ಒಬ್ಬಾಕೆ ಎರಡನೆಯ ವರ್ಷ ಬರಲಿಲ್ಲ. ನನಗಿಂತ ಚೆನ್ನಾಗಿ ಓದುತ್ತಿದ್ದವಳು. ಅವಳನ್ನು ಮತ್ತೆ ಸೇರಿಸಿಕೊಳ್ಳುವ ದಾರಿಯಿದ್ದರೆ ದಯವಿಟ್ಟು ಹುಡುಕಿ. ಮನೆಯವರೆಗೆ ಹೋಗಿ ಮಾತಾಡಿಸಿ ಕರೆತರುವ ಕೆಲಸ ನನಗಿರಲಿ.

ನನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಅಪರಾಧ ಕಾನೂನಿನವನ್ನು ಎಚ್ಚರದಿಂದ ಬಳಸಿ: 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಸೆಕ್ಷನ್‌ಗಳ ಸಂಖ್ಯೆಗಳೆಲ್ಲ ಬದಲಾಗಿವೆ, ಕೊಲೆಯ ಶಿಕ್ಷೆ ಈಗ 302ರಲ್ಲಿಲ್ಲ, 103ರಲ್ಲಿದೆ. ಒಪ್ಪಂದ ಕಾಯ್ದೆ ಮತ್ತು ಹಿಂದೂ ಉತ್ತರಾಧಿಕಾರದ ಟಿಪ್ಪಣಿಗಳು ಹಾಗೆಯೇ ನಡೆಯುತ್ತವೆ, ಎಲ್ಲವೂ ಕನ್ನಡದಲ್ಲಿವೆ. ಮನೆ ನಡೆಸುತ್ತ ಓದುತ್ತಿರುವವರು ಯಾರಾದರೂ ಕೂತು ಮಾತಾಡಬೇಕೆಂದರೆ ಶನಿವಾರ ಮಧ್ಯಾಹ್ನ ಧಾರವಾಡದಲ್ಲಿ ನಮ್ಮ ಮನೆಗೆ ಬನ್ನಿ. ವಿಳಾಸ ಕಾಲೇಜಿನ ಕಚೇರಿಯಲ್ಲಿದೆ. ಮಕ್ಕಳನ್ನೂ ಕರೆತನ್ನಿ.