ಕೊಡಗಿನ ಪಾಠ ಸಾಮಗ್ರಿ ಕಡತ: ಹಕ್ಕುಸ್ವಾಮ್ಯದ ಪರಿಶೀಲನೆ ಎಲ್ಲಿಯವರೆಗೆ ಬಂದಿದೆ

ಕೊಡಗಿನ ಪ್ರೌಢಶಾಲಾ ಶಿಕ್ಷಕರಿಗಾಗಿ ಸ್ಥಳೀಯ ಸಾಹಿತ್ಯ, ಹಾಡು ಮತ್ತು ಚಿತ್ರಗಳ ಡಿಜಿಟಲ್ ಕಡತವೊಂದನ್ನು ಬಿಡುವಿನ ವೇಳೆಯಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸಂಗ್ರಹಕಾರ್ಯ ಬಹುಮಟ್ಟಿಗೆ ಮುಗಿದಿದ್ದು, ಈ ಮಳೆಗಾಲವೆಲ್ಲ ಯಾವುದರ ಹಕ್ಕು ಯಾರದೆಂದು ಗುರುತಿಸುವುದರಲ್ಲಿಯೇ ಕಳೆಯಿತು.

ಹೆಚ್ಚು ಸಮಯ ಹಿಡಿದದ್ದು ‘ಪಟ್ಟೋಲೆ ಪಳಮೆ’. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ ಮತ್ತು ಆಚರಣೆಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಗ್ರಂಥವಿದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. ಚಿಣ್ಣಪ್ಪನವರು 1931ರಲ್ಲಿಯೇ ತೀರಿಕೊಂಡದ್ದರಿಂದ ಮೂಲಪಾಠ ಈಗ ಸಾರ್ವಜನಿಕ ಸ್ವತ್ತು. ಆದರೆ ಅವರ ಮೊಮ್ಮಕ್ಕಳು ಮಾಡಿದ, 2003ರಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದಕ್ಕೆ ಪ್ರತ್ಯೇಕ ಹಕ್ಕಿದೆ. ಆದ್ದರಿಂದ ಮೂಲದ ಹಾಡುಗಳನ್ನಷ್ಟೇ ಬೆರಳಚ್ಚು ಮಾಡಿಕೊಂಡು, ಕಠಿಣ ಪದಗಳ ಅರ್ಥವನ್ನು ನಾನೇ ಬರೆಯುತ್ತಿದ್ದೇನೆ. ಕೆಲಸ ನಿಧಾನವಾದರೂ ಶಿಕ್ಷಕರು ಮುಂದೆ ಅದನ್ನು ತಿದ್ದಿ ಬೆಳೆಸಲು ಯಾರ ಅನುಮತಿಗೂ ಕಾಯಬೇಕಿಲ್ಲ. 1944ರಲ್ಲಿ ತೀರಿಕೊಂಡ ಹರದಾಸ ಅಪ್ಪಚ್ಚ ಕವಿಗಳ ನಾಟಕಭಾಗಗಳೂ ಇದೇ ಲೆಕ್ಕದಲ್ಲಿ ಕಡತ ಸೇರಿವೆ. 1976ರಲ್ಲಿ ತೀರಿಕೊಂಡ ಭಾರತೀಸುತರ ಕಾದಂಬರಿಗಳ ಹಕ್ಕು 2036ರ ಕೊನೆಯವರೆಗೆ ಇರುವುದರಿಂದ, ಅವುಗಳ ಪಠ್ಯವನ್ನು ಬಿಟ್ಟು ಓದುವ ಸೂಚನೆ ಮತ್ತು ಚರ್ಚೆಯ ಪ್ರಶ್ನೆಗಳನ್ನು ಮಾತ್ರ ಇಟ್ಟಿದ್ದೇನೆ.

ಕರಡನ್ನು ನೋಡಿದ ಹಿರಿಯ ಶಿಕ್ಷಕರೊಬ್ಬರು, “ಪಾಠಕ್ಕೆ ಏನನ್ನು ಬೇಕಾದರೂ ಪ್ರತಿ ಮಾಡಬಹುದಲ್ಲವೇ, ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀರಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಬೋಧನೆಯ ಭಾಗವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಪ್ರತಿ ಮಾಡಿಕೊಳ್ಳಲು ಕಾಯ್ದೆಯ 52ನೇ ಕಲಂ ಅವಕಾಶ ನೀಡುತ್ತದೆ. ಪುಸ್ತಕಗಳ ಭಾಗಗಳನ್ನು ವಿದ್ಯಾರ್ಥಿಗಳಿಗೆ ನಕಲು ಮಾಡಿಕೊಟ್ಟದ್ದರ ವಿರುದ್ಧ ಪ್ರಕಾಶಕರು ಹೂಡಿದ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಈ ಅವಕಾಶವನ್ನು ಸಾಕಷ್ಟು ಉದಾರವಾಗಿಯೇ ಅರ್ಥೈಸಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು, ಪೋಷಕರು ಮತ್ತು ಸಿಬ್ಬಂದಿಯ ಮುಂದೆ ವಿದ್ಯಾರ್ಥಿಗಳು ಆಡುವ ನಾಟಕಕ್ಕೂ ಅದೇ ಕಲಂನಲ್ಲಿ ರಕ್ಷಣೆಯಿದೆ. ಆದರೆ ಅದೇ ನಾಟಕದ ವಿಡಿಯೋವನ್ನು ಯೂಟ್ಯೂಬಿಗೆ ಏರಿಸಿದಾಗ, ಅಥವಾ ತರಗತಿಗೆಂದು ಮಾಡಿದ ಪಿಡಿಎಫ್ ಜಿಲ್ಲೆಯ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಹರಿದಾಡತೊಡಗಿದಾಗ, ಅದನ್ನು ಬೋಧನೆಯೆಂದು ಸಮರ್ಥಿಸುವುದು ಕಷ್ಟ. ನನ್ನ ಕಡತವಾದರೋ ಎಲ್ಲರಿಗೂ ತೆರೆದಿರಬೇಕಾದದ್ದು. ತರಗತಿಗೆ ಸಿಕ್ಕ ವಿನಾಯಿತಿಯನ್ನು ಅದಕ್ಕೆ ಹೊದಿಸಲಾಗದು ಎಂಬುದೇ ನನ್ನ ನಿಲುವು.

ತಲಕಾವೇರಿ ಮತ್ತು ಮಡಿಕೇರಿ ಕೋಟೆಯ ಚಿತ್ರಗಳನ್ನು ಮುಕ್ತ ಪರವಾನಗಿಯ ಚಿತ್ರಗಳ ಜಾಲಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ಆಯ್ದುಕೊಂಡು, ಪ್ರತಿಯೊಂದರ ಕೆಳಗೆ ಛಾಯಾಗ್ರಾಹಕರ ಹೆಸರು, ಪರವಾನಗಿ ಮತ್ತು ಕೊಂಡಿಯನ್ನು ನಮೂದಿಸಿದ್ದೇನೆ. ‘ಗೂಗಲ್ ಕೃಪೆ’ ಎಂದು ಬರೆದು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲಿ ಬೇರೂರಿದೆ. ಹುಡುಕಿಕೊಟ್ಟವರು ಚಿತ್ರದ ಒಡೆಯರಲ್ಲ. ಕೆಲವು ಚಿತ್ರಗಳ ಪರವಾನಗಿಯ ಷರತ್ತುಗಳು ಬೇರೆಯಾಗಿರುವುದರಿಂದ ಅವನ್ನು ಬೇರೆ ಉಪಕಡತಕ್ಕೆ ಸರಿಸಿದ್ದೇನೆ.

ಇನ್ನುಳಿದಿರುವುದು ದುಡಿಯೆಂಬ ಪುಟ್ಟ ಚರ್ಮವಾದ್ಯ ನುಡಿಸುತ್ತ ಹಾಡುವ ದುಡಿ ಹಾಡುಗಳ ಧ್ವನಿಮುದ್ರಣ. ಹಾಡು ಪರಂಪರೆಯದಾದರೂ ಹಾಡಿದವರ ಹಕ್ಕು ಬೇರೆಯೇ ಆದ್ದರಿಂದ, ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರವನ್ನು ಬರೆದಿದ್ದೇನೆ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ನಂತರ ಹಾಡುಗಾರರಿಗೆ ಅದನ್ನು ಓದಿ ಹೇಳಿ, ಅವರು ಒಪ್ಪಿದಷ್ಟನ್ನೇ ಮುದ್ರಿಸಿಕೊಳ್ಳುವ ಯೋಜನೆಯಿದೆ.