ನಮ್ಮ ಮೇಲ್ಮನೆಯ ಬಾಡಿಗೆದಾರರು

ನಮ್ಮದು ಶಿಡ್ಲಘಟ್ಟ. ಕೆಳಗೆ ನಾವಿದ್ದೇವೆ. ಹಿಂದುಗಡೆ ನಮ್ಮನೆಯವರು ರೇಷ್ಮೆ ನೂಲು ಬಿಚ್ಚುವ ಶೆಡ್ಡು. ಮೇಲೆ ಎರಡು ರೂಮಿನ ಬಾಡಿಗೆ ಮನೆ. ಆ ಮೇಲ್ಮನೆಗೆ ಒಂದು ಸಲ ಚುನಾವಣೆಯ ಅಭ್ಯರ್ಥಿಯೊಬ್ಬರು ಬಾಡಿಗೆಗೆ ಬಂದಿದ್ದರು. ಯಾವ ಚುನಾವಣೆ, ಯಾವ ಪಕ್ಷ ಅಂತ ಕೇಳಬೇಡಿ. ಹೇಳಿದರೆ ನಮ್ಮನೆಯವರು ಗೂಡಿನ ಮಾರ್ಕೆಟ್ಟಿಗೆ ನೆಮ್ಮದಿಯಾಗಿ ಹೋಗಿಬರುವ ಹಾಗಿಲ್ಲ.

ಅವರ ಮನೆ, ವ್ಯವಹಾರ ಎಲ್ಲ ಬೆಂಗಳೂರಿನಲ್ಲಿ. ಟಿಕೆಟ್ ಸಿಗುತ್ತೆ ಅನ್ನೋ ಸುದ್ದಿ ಬಂದ ಕೂಡಲೇ ಊರಲ್ಲಿ 'ಹೊರಗಿನವರು' ಅನ್ನೋ ಮಾತು ಶುರುವಾಯಿತು. ಮೂರೇ ದಿನಕ್ಕೆ ನಾಲ್ಕು ಹುಡುಗರು ನಮ್ಮ ಬಾಗಿಲಿಗೆ ಬಂದರು. "ಅಕ್ಕಾ, ಅಣ್ಣ ಇನ್ಮೇಲೆ ಇಲ್ಲೇ ಇರ್ತಾರೆ. ಮನೆ ಕೊಡ್ಬೇಕು." ನಾನು ಬಾಡಿಗೆ ಎರಡು ಸಾವಿರ ಜಾಸ್ತಿ ಹೇಳಿದೆ. ಅವರು ಚೌಕಾಸಿಯನ್ನೇ ಮಾಡಲಿಲ್ಲ. ಇನ್ನೂ ಜಾಸ್ತಿ ಕೇಳಬಹುದಿತ್ತು ಅಂತ ಆಮೇಲೆ ಹೊಟ್ಟೆ ಉರಿಯಿತು.

ಶುಕ್ರವಾರ ಬೆಳಗ್ಗೆ ಹಾಲುಕ್ಕಿಸಿದರು. ಅಭ್ಯರ್ಥಿಯ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನಮ್ಮ ಅತ್ತೆಯ ಕಾಲಿಗೆ ಇಬ್ಬರೂ ಬಿದ್ದರು. ಹುಡುಗರು ಫೋಟೋ ತೆಗೆದರು. ಸರಿಯಾಗಿ ಬಂದಿಲ್ಲ ಅಂತ ಇನ್ನೊಂದು ಸಲ ಬೀಳಿಸಿದರು. ನಾನು ಚೊಂಬಲ್ಲಿ ನೀರು ಕೊಟ್ಟೆ. ಅವರು ತೆಗೆದುಕೊಂಡು ಪಕ್ಕಕ್ಕಿಟ್ಟರು. ಹಿಂದೆ ನಿಂತಿದ್ದ ಹುಡುಗ ಸೀಲ್ ಬಾಟಲಿ ಮುಂದೆ ಮಾಡಿದ. ತಪ್ಪೇನಿಲ್ಲ ಬಿಡಿ, ಸಾವಿರ ಅಡಿ ಬೋರ್‌ವೆಲ್ಲಿನ ನೀರು, ಫ್ಲೋರೈಡು. ನಾವೂ ಕ್ಯಾನ್ ತರಿಸುತ್ತೇವೆ. ಆದರೂ ಅವತ್ತು ಯಾಕೋ ಚುಚ್ಚಿತು.

ಅವತ್ತೇ ಸಾಯಂಕಾಲ ಕಾರು ಬೆಂಗಳೂರಿಗೆ ಹೋಯಿತು. ಮತದಾನದ ದಿನದವರೆಗೂ ಆ ಮಂಚದ ಮೇಲಿನ ಹಾಸಿಗೆಯ ಪ್ಲಾಸ್ಟಿಕ್ಕು ತೆಗೆಯಲಿಲ್ಲ. ಹಗಲು ಹುಡುಗರು ಬಂದು ಇಸ್ಪೀಟು ಆಡುತ್ತಿದ್ದರು, ರಾತ್ರಿ ಬೀಗ. ಅತ್ತೆ ಒಂದು ದಿನ ಮೇಲೆ ನೋಡಿಕೊಂಡು, "ಮನೆ ಮಾಡಿದ್ದಾರೆ ಅಂತೀಯ, ಒಂದು ದಿನಾನೂ ತಂತಿ ಮೇಲೆ ಬಟ್ಟೆ ಒಣಗಲಿಲ್ಲವಲ್ಲ ಕಣಮ್ಮ" ಅಂದರು.

ಅವರು ಗೆದ್ದರಾ ಸೋತರಾ ಅಂತಲೂ ಹೇಳಲ್ಲ. ಫಲಿತಾಂಶ ಬಂದು ವಾರಕ್ಕೆ ಒಬ್ಬ ಹುಡುಗ ಬಂದು ಬೀಗದ ಕೈ ಕೊಟ್ಟು ಹೋದ. ಹಾಸಿಗೆ ಬಿಟ್ಟು ಹೋದರು. ಈಗ ಅದು ನನ್ನ ಮಗನ ಮಂಚದ ಮೇಲಿದೆ.

ಈ ಕಥೆಗೆ ಮುಂಚೆ ನನ್ನದು ಒಂದೇ ಮಾತು. ಯಾವ ಕ್ಷೇತ್ರದಲ್ಲಿ ನಿಲ್ತಾರೋ ಅಲ್ಲೇ ವಾಸ ಇರಬೇಕು, ಹಾಗಂತ ಕಾನೂನು ಬರಬೇಕು. ಚಿಂತಾಮಣಿಯಲ್ಲಿ ವಕೀಲನಾಗಿರುವ ಅಕ್ಕನ ಮಗ ನಕ್ಕ. "ಚಿಕ್ಕಮ್ಮಾ, ಕಾನೂನು ಹಾಗಿಲ್ಲ" ಅಂದ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಲೋಕಸಭೆಗೆ ನಿಲ್ಲಲು ದೇಶದ ಯಾವುದೋ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕಂತೆ. ವಿಧಾನಸಭೆಗಾದರೆ ರಾಜ್ಯದ ಯಾವುದೋ ಒಂದು ಕ್ಷೇತ್ರದಲ್ಲಿರಬೇಕು. ಬೇರೆ ಕಡೆಯವರು ನಾಮಪತ್ರದ ಜೊತೆ ತಮ್ಮ ಊರಿನ ಪಟ್ಟಿಯ ದೃಢೀಕೃತ ನಕಲು ಕೊಟ್ಟರೆ ಮುಗಿಯಿತು. ಅಂದ್ರೆ ನಮ್ಮ ಮೇಲ್ಮನೆ ಕಾನೂನಿಗೆ ಬೇಕಾಗೇ ಇರಲಿಲ್ಲ. ಬರೀ ಜನರ ಬಾಯಿಗೆ ಬೇಕಾಗಿತ್ತು.

ದೆಹಲಿಯ ಮೇಲ್ಮನೆ, ಅಂದ್ರೆ ರಾಜ್ಯಸಭೆಗೆ ಮಾತ್ರ, ಮೊದಲು ಯಾವ ರಾಜ್ಯದಿಂದ ಹೋಗ್ತಾರೋ ಆ ರಾಜ್ಯದಲ್ಲೇ ಮತದಾರರಾಗಿರಬೇಕು ಅಂತ ಇತ್ತು. 2003ರಲ್ಲಿ ತಿದ್ದುಪಡಿ ತಂದು ಅದನ್ನೂ ತೆಗೆದರು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದು ಸರಿ ಅಂತು. ಆಂಧ್ರದ ನೆಲ್ಲೂರು ಕಡೆಯ ವೆಂಕಯ್ಯ ನಾಯ್ಡು 1998ರಿಂದ 2016ರವರೆಗೆ ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿದ್ದರು. ಅಂದರೆ ನಿಯಮ ಇದ್ದಾಗಲೂ ಇದ್ದರು, ಹೋದ ಮೇಲೂ ಇದ್ದರು!

ಇನ್ನು 'ನಮ್ಮವರು' ಅಂದರೆ ಯಾರು? ನಮ್ಮ ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆ, ಆದರೆ ಲೋಕಸಭೆಗೆ ನಾವು ಕೋಲಾರದವರು. ಚಿಂತಾಮಣಿಯೂ ಅಷ್ಟೇ. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮ ಜಿಲ್ಲೆಯವು ಮೂರೇ: ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ. ಮಿಕ್ಕವು ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಯಲಹಂಕ. ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಇರುವವರು ಆ ಕ್ಷೇತ್ರಕ್ಕೆ ಒಳಗಿನವರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗ ಹೊರಗಿನವನು.

ನಮ್ಮ ಕಡೆ ತೆಲುಗು ಬೆರೆತ ಮಾತು, 'ಮನೋಡು' ಅಂತೀವಿ. ನಮ್ಮೋನು ಅಂತ. ಕೆ.ಎಚ್. ಮುನಿಯಪ್ಪನವರು ನಮ್ಮ ತಾಲ್ಲೂಕಿನವರೇ. ಕೋಲಾರದಿಂದ 1991ರಿಂದ ಏಳು ಸಲ ಗೆದ್ದರು. 2019ರಲ್ಲಿ ಬೆಂಗಳೂರಿನ ಕಾರ್ಪೊರೇಟರ್ ಆಗಿದ್ದ ಎಸ್. ಮುನಿಸ್ವಾಮಿ ಎದುರು ಸೋತರು. ಅದೇ ಚುನಾವಣೆಯಲ್ಲಿ ತುಮಕೂರಿಗೆ ಹಾಸನದಿಂದ ದೇವೇಗೌಡರು ಬಂದರು. ಪ್ರಧಾನಿಯಾಗಿದ್ದವರು, ಸುಮಾರು 13 ಸಾವಿರ ಮತಗಳಿಂದ ಸೋತರು. 2024ರಲ್ಲಿ ಅದೇ ತುಮಕೂರಿಗೆ ಬೆಂಗಳೂರಿನಿಂದ ವಿ. ಸೋಮಣ್ಣ ಬಂದು ಗೆದ್ದರು. ಅದರ ಹಿಂದಿನ ವರ್ಷವಷ್ಟೇ ವರುಣಾ, ಚಾಮರಾಜನಗರ ಎರಡೂ ಕಡೆ ನಿಂತು ಸೋತಿದ್ದರು.

ತುಮಕೂರಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ ಕೇಳಿದೆ. "ಇಬ್ಬರೂ ಹೊರಗಿನವರೇ ಅಲ್ವೇನೇ, ಒಬ್ಬರಿಗೆ ಅಂಟಿದ್ದು ಇನ್ನೊಬ್ಬರಿಗೆ ಯಾಕೆ ಅಂಟಲಿಲ್ಲ?" ಅವಳು ರಾಜಕೀಯ ಮಾತಾಡುವವಳೇ ಅಲ್ಲ. "ಅಕ್ಕಾ, ಹಾಸನದವರು ಅಂದ್ರೆ ಇಲ್ಲಿ ಆ ಕಡೆಯಿಂದ ಬರಬೇಕಾದ ಹೇಮಾವತಿ ನೀರಿನ ಜಗಳ ನೆನಪಾಗುತ್ತೆ" ಅಂದಳು. ಪೂರ್ತಿ ಕಾರಣ ಅದೇ ಅಂತ ನಾನು ಹೇಳಲ್ಲ, ಪಕ್ಷ, ಜಾತಿ, ಮೈತ್ರಿಯ ಒಳಜಗಳ ಎಲ್ಲ ಇತ್ತು. ಆದರೆ ಅವಳ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಬಯಲುಸೀಮೆಯಲ್ಲಿ 'ಹೊರಗಿನವರು' ಅಂದಾಗ ಕೇಳುವುದು ಮನೆ ಎಲ್ಲಿದೆ ಅಂತಲ್ಲ. ನೀರಿನ ವಿಷಯ ಬಂದಾಗ ಯಾರ ಕಡೆ ನಿಲ್ತೀರಿ ಅಂತ.

ಅದಕ್ಕೂ ನೇರವಾದ ಉತ್ತರ ಇಲ್ಲ ಅನ್ನಿ. ಚಿಕ್ಕಬಳ್ಳಾಪುರದಿಂದ 2009, 2014ರಲ್ಲಿ ಗೆದ್ದ ವೀರಪ್ಪ ಮೊಯ್ಲಿ ಕರಾವಳಿಯವರು. ಘಟ್ಟದಲ್ಲಿ ಹುಟ್ಟಿ ಕರಾವಳಿಯ ನೇತ್ರಾವತಿಗೆ ಸೇರುವ ಎತ್ತಿನಹೊಳೆಯ ನೀರು ಈ ಕಡೆ ತರ್ತೀವಿ ಅಂದರು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಆಯಿತು. ಅವರ ಸ್ವಂತ ಸೀಮೆಯಲ್ಲಿ ನೇತ್ರಾವತಿ ತಿರುಗಿಸಬೇಡಿ ಅಂತ ಜನ ಬೀದಿಗಿಳಿದಿದ್ದರು. ಹೊರಗಿನವರು ಅಂತ ನಾವು ಅನ್ನುತ್ತಿದ್ದವರು ತಮ್ಮೂರಲ್ಲಿ ನಮ್ಮ ಕಡೆಯವರು ಅಂತ ಬೈಸಿಕೊಂಡರು. 24 ಟಿಎಂಸಿ ಅಂತ ಲೆಕ್ಕ. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತದ ಪಂಪು ಶುರು ಮಾಡಿದರು. ನಮ್ಮ ನಲ್ಲಿಗೆ ಇನ್ನೂ ಬಂದಿಲ್ಲ.

ವಾಸದ ನಿಯಮ ನಿಜವಾಗಿ ಕೆಲಸ ಮಾಡುವುದನ್ನು ನಾನು ನೋಡಿರುವುದು ಗ್ರಾಮ ಪಂಚಾಯಿತಿಯಲ್ಲಿ. ಅಲ್ಲಿ ನಿಲ್ಲಬೇಕಾದರೆ ಆ ಪಂಚಾಯಿತಿಯ ಪಟ್ಟಿಯಲ್ಲೇ ಹೆಸರಿರಬೇಕು. ಬಾಗೇಪಲ್ಲಿ ಕಡೆ ನನ್ನ ತವರಿನಲ್ಲಿ ಮೆಂಬರು ಮೂರು ಮನೆ ಆಚೆಗಿದ್ದಾರೆ. ಒಂದು ಬೇಸಿಗೆ ಬೋರ್‌ವೆಲ್ ಮೋಟರು ಸುಟ್ಟು ಐದು ದಿನ ನೀರಿಲ್ಲ. ಹೆಂಗಸರೆಲ್ಲ ಖಾಲಿ ಬಿಂದಿಗೆ ತಂದು ಅವರ ಜಗಲಿ ತುಂಬ ಇಟ್ಟರು. ಆ ಯಮ್ಮ ಹೊರಗೆ ಬಂದು ತನ್ನ ಮನೆಯ ಎರಡು ಖಾಲಿ ಬಿಂದಿಗೆಯನ್ನೂ ಸಾಲಿಗಿಟ್ಟಳು! ಆಮೇಲೆ ವಾಟರ್‌ಮ್ಯಾನನ್ನು ಕೂರಿಸಿಕೊಂಡು ಗಂಡನ ಸ್ಕೂಟರಿನಲ್ಲಿ ಬಾಗೇಪಲ್ಲಿಗೆ ಹೋಗಿ, ಮೋಟರು ರಿಪೇರಿ ಮಾಡಿಸಿಕೊಂಡೇ ಬಂದಳು.

ಹಾಗಾಗಿ ಎಂಪಿ ಎಲ್ಲಾದರೂ ಇರಲಿ, ದೆಹಲಿಯಲ್ಲಿ ನಮ್ಮ ಮಾತು ಆಡಿದರೆ ಸಾಕು ಅಂತ ಬಿಟ್ಟುಬಿಟ್ಟಿದ್ದೇನೆ. ಎಮ್ಮೆಲ್ಲೆ ವಿಷಯದಲ್ಲಿ ಮಾತ್ರ ಮನಸ್ಸು ಒಪ್ಪಲ್ಲ. ತಾಲ್ಲೂಕು ಆಫೀಸು, ಆಸ್ಪತ್ರೆ, ಬಸ್ಸು, ಎಲ್ಲಕ್ಕೂ ಹಿಡಿಯಬೇಕಾದವರು ಅವರೇ. ಐದು ವರ್ಷವಾದರೂ ಅದೇ ಕ್ಷೇತ್ರದ ಪಟ್ಟಿಯಲ್ಲಿ ಇರಬೇಕು ಅಂತ ನನ್ನ ಆಸೆ. "ಐದು ವರ್ಷ ಸುಮ್ನೆ ಬಾಡಿಗೆ ಕಟ್ಟಿ ಬೀಗ ಹಾಕಿಡ್ತಾರೆ ಅಷ್ಟೇ" ಅಂದ ಅಕ್ಕನ ಮಗ. ಇರಬಹುದು. ಬಾಡಿಗೆ ಆದರೂ ಬರುತ್ತಲ್ಲ.

ಹೋದ ವಾರ ಮತ್ತೆ ಫೋನು. ಈ ಸಲ ಬೇರೆ ಪಕ್ಷದ ಹುಡುಗರು. "ಅಕ್ಕಾ, ಮೇಲೆ ಖಾಲಿ ಇದೆಯಂತಲ್ಲ?" ನಾನು ಈ ಸಲ ಮೂರು ಸಾವಿರ ಜಾಸ್ತಿ ಹೇಳಿದೆ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಮೇಲಿನ ತಂತಿ ಕಿತ್ತುಹೋಗಿದೆ. ಕಟ್ಟಿಸ್ಬೇಕಾ, ಬೇಡ್ವಾ ಅಂತ ಕೇಳು ಅವರನ್ನ."