ಸುಗಂಧಿ ಬೇರಿನ ಶರಬತ್ತು ಕಾಯಿಸಿದ ದಿನ

ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಬಾಗೇಪಲ್ಲಿ ಕಡೆ ಸುಗಂಧಿ ಬೇರಿನ ಮಾತು ಶುರುವಾಗುತ್ತದೆ. ಸೊಗದೆ ಬೇರು, ನಾಮದ ಬೇರು ಅನ್ನುವುದೂ ಇದನ್ನೇ. ಗಡಿಯಾಚೆ ರಾಯಲಸೀಮೆಯಲ್ಲಿ ಇದು ನನ್ನಾರಿ. ಈ ಸಲ ರಾಮನವಮಿಗೆ ಮೂರು ದಿನ ಇರುವಾಗ ಪಾಕ ಇಳಿಯಿತು.

ಬೇರು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಸುಗಂಧಿ ಬೇರು ತಂತಿಯಂತೆ ಸಣ್ಣ, ಕಪ್ಪುಗಂದು ಬಣ್ಣ, ಸಿಪ್ಪೆಯಲ್ಲಿ ಅಡ್ಡಡ್ಡ ಬಿರುಕು. ಬೆರಳು ದಪ್ಪದ ಬೇರು ಕೊಟ್ಟರೆ ಅದು ಮಾಕಳಿ. ವಾಸನೆ ಹತ್ತಿರ ಹತ್ತಿರ ಒಂದೇ, ಅಗಿದರೆ ನಾಲಿಗೆ ಜುಮ್ಮೆನ್ನುತ್ತದೆ. ಅದು ಉಪ್ಪಿನಕಾಯಿಗೆ ಇರಲಿ. ಉಗುರಿನಿಂದ ಸಿಪ್ಪೆ ಕೆರೆದು ಮೂಸಬೇಕು. ವೆನಿಲ್ಲಾದಂಥ ಸಿಹಿ ಪರಿಮಳ ಮೂಗಿಗೆ ಬಡಿಯದಿದ್ದರೆ ಬೇರು ಹಳತಾಗಿದೆ, ಎಷ್ಟು ಹಾಕಿದರೂ ಪ್ರಯೋಜನವಿಲ್ಲ.

ತೊಳೆದು ಮಣ್ಣು ಬಿಡಿಸಿದ 100 ಗ್ರಾಂ ಒಣಬೇರನ್ನು ಗುಂಡುಕಲ್ಲಿನಿಂದ ಜಜ್ಜಿದಾಗ ಸಿಪ್ಪೆ ಸುಲಿದು ಒಳಗಿನ ಬಿಳಿ ನಾರು ಬೇರೆಯಾಯಿತು. ಪರಿಮಳವೆಲ್ಲ ಸಿಪ್ಪೆಯಲ್ಲಿ, ಆ ನಾರು ಬರೀ ಕಟ್ಟಿಗೆ. ಅದನ್ನು ತೆಗೆದು ಉಳಿದದ್ದನ್ನು ಒಂದು ಲೀಟರ್ ಫಿಲ್ಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದಾಯಿತು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಕಷಾಯ ಮಂಕಾಗುತ್ತದೆ.

ಬೆಳಗ್ಗೆ ಸಣ್ಣ ಉರಿ, ಮೇಲೆ ಮುಚ್ಚಳ, ಹತ್ತೇ ನಿಮಿಷ. ಇಲ್ಲೇ ಹೆಚ್ಚಿನವರು ತಪ್ಪುವುದು. ಸಾರ ಇಳಿಯಲೆಂದು ಕೊತಕೊತ ಕುದಿಸುತ್ತಾರೆ. ಅಡುಗೆಮನೆಯೆಲ್ಲ ಘಮಘಮ ಅಂದರೆ ಪರಿಮಳ ಆವಿಯ ಜೊತೆ ಹೋಯಿತೆಂದೇ ಅರ್ಥ, ಪಾತ್ರೆಯಲ್ಲಿ ಉಳಿಯುವುದು ಕಂದು ನೀರು. ಮುಚ್ಚಿಟ್ಟು ತಣಿಸಿ ಬಟ್ಟೆಯಲ್ಲಿ ಸೋಸಿದಾಗ 800 ಮಿ.ಲೀ. ಸಿಕ್ಕಿತು. ಅದರಲ್ಲಿ 200 ಮಿ.ಲೀ. ಎತ್ತಿಟ್ಟು, ಉಳಿದ 600ಕ್ಕೆ 1.4 ಕೆ.ಜಿ. ಸಕ್ಕರೆ, ಎರಡು ಚಮಚ ನಿಂಬೆರಸ. ನಿಂಬೆ ಬಿಟ್ಟರೆ ವಾರದೊಳಗೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದೆಳೆ ಎದ್ದು ತುಂಡಾದ ಕೂಡಲೇ ಒಲೆ ಆರಿಸಿ, ಎತ್ತಿಟ್ಟ ಕಷಾಯವನ್ನು ಬಿಸಿ ಪಾಕಕ್ಕೆ ಸುರಿದದ್ದಾಯಿತು. ಪರಿಮಳ ಉಳಿಯುವುದು ಈ ಒಂದು ಲೋಟದಿಂದಲೇ.

ಪೂರ್ತಿ ಆರುವವರೆಗೆ ಬಾಟಲಿಗೆ ತುಂಬಬಾರದು. ಬೆಚ್ಚಗಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟಿ, ಆ ಹನಿ ಪಾಕದ ಮೇಲೆ ಬಿದ್ದು ಅಲ್ಲಿ ಮಾತ್ರ ಸಕ್ಕರೆ ತೆಳುವಾಗುತ್ತದೆ. ಬೂಷ್ಟು ಹಿಡಿಯಲು ಅಷ್ಟು ಸಾಕು. ಗಾಜಿನ ಬಾಟಲಿಯೂ ಬಿಸಿಲಲ್ಲಿ ಒಣಗಿದ್ದೇ ಆಗಬೇಕು.

ಒಂದೂವರೆ ಲೀಟರ್ ಚಿಲ್ಲರೆ ಬಂತು. ಬಣ್ಣ ತಿಳಿಕಂದು, ಜೇನಿನ ಹಾಗೆ. ಅಂಗಡಿ ಶರಬತ್ತಿನ ಕಡುಗೆಂಪು ಬಣ್ಣ ಬೇರಿನಿಂದ ಬರುವುದಲ್ಲ, ಅದು ಬೆರೆಸಿದ್ದು. ಒಂದು ಲೋಟ ಮಡಕೆ ನೀರಿಗೆ ಎರಡು ದೊಡ್ಡ ಚಮಚ ಪಾಕ, ಅರ್ಧ ಹೋಳು ನಿಂಬೆ, ಕಾಲು ಗಂಟೆ ನೆನೆದ ಕಾಮಕಸ್ತೂರಿ ಬೀಜ. ಸೋಸಿ ಉಳಿದ ಸಿಪ್ಪೆಯನ್ನು ಎಸೆಯದೆ ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ಮಡಕೆಗೆ ಬಿಟ್ಟರೆ, ಆ ದಿನದ ಕುಡಿಯುವ ನೀರಿಗೂ ಸ್ವಲ್ಪ ಘಮ ಇರುತ್ತದೆ.